ಪ್ರೊಸೆಸರ್ ಮೂರೇ ಸೆಕೆಂಡಿನಲ್ಲಿ 100 ಡಿಗ್ರಿ ಮುಟ್ಟುತ್ತಿದೆ, ಲಿಕ್ವಿಡ್ ಕೂಲರಿನ ಬ್ಲಾಕ್ ಕೈಗೆ ಅಲ್ಲಾಡುತ್ತಿದೆ

ಕೇಶ್ವಾಪುರ ಸ್ಟುಡಿಯೊ — ಸೋಮವಾರ, ರಾತ್ರಿ

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆ, ಕುಬುಸ, ವಾಸ್ತುಶಾಂತಿಗಳ ವಿಡಿಯೊ ಎಡಿಟಿಂಗ್ ಪೂರ್ತಿಯಾಗಿ ಒಂದೇ ಕಂಪ್ಯೂಟರಿನ ಮೇಲೆ ನಡೆಯುತ್ತದೆ. ಮೂರು ವರ್ಷ ಅದರಲ್ಲಿ ಇಂಟೆಲ್ ಐ7-10700ಕೆ ಪ್ರೊಸೆಸರ್ ಇತ್ತು. ಅದರ ಮೇಲೆ 240 ಮಿ.ಮೀ. ರೇಡಿಯೇಟರಿನ ಲಿಕ್ವಿಡ್ ಕೂಲರ್ (ಪ್ರೊಸೆಸರಿನ ಮೇಲೆ ಕೂರುವ ಬ್ಲಾಕಿನ ಶಾಖವನ್ನು ಪಂಪ್, ಕೊಳವೆಗಳ ಮೂಲಕ ನೀರಿನಲ್ಲಿ ಫ್ಯಾನುಳ್ಳ ರೇಡಿಯೇಟರಿಗೆ ಸಾಗಿಸುವಂಥದು) ಕೂಡಿಸಿದ್ದೆವು, ಒಂದು ದಿನವೂ ತೊಂದರೆ ಬಂದಿರಲಿಲ್ಲ. ಈ ಲಗ್ನಸರಾಯಿಯಲ್ಲಿ ಕೆಲಸ ಹೆಚ್ಚಾದ ಕಾರಣ ಕಳೆದ ತಿಂಗಳು ಐ7-12700ಕೆ ಪ್ರೊಸೆಸರನ್ನೂ ಅದಕ್ಕೆ ಹೊಂದುವ ಝಡ್690 ಮದರ್‌ಬೋರ್ಡನ್ನೂ ಹಾಕಿಸಿದೆ. ಕೂಲರ್ ಚೆನ್ನಾಗಿಯೇ ಇದ್ದುದರಿಂದ ಅದನ್ನೇ ಉಳಿಸಿಕೊಂಡೆ. ಜೋಡಣೆಯನ್ನು ಅಂಗಡಿಯವರೇ ಮಾಡಿಕೊಟ್ಟರು.

ಆ ದಿನದಿಂದ ತಾಪಮಾನದ ತೊಂದರೆ ಶುರುವಾಗಿದೆ. ಕೆಲಸವಿಲ್ಲದೆ ಸುಮ್ಮನೆ ಇದ್ದಾಗ ಪ್ರೊಸೆಸರ್ 46 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ರೆಂಡರ್ (ಎಡಿಟ್ ಮಾಡಿದ ವಿಡಿಯೊವನ್ನು ಅಂತಿಮ ಫೈಲಾಗಿಸುವ ಕೆಲಸ) ಒತ್ತಿದ ಮೂರನೆಯ ಸೆಕೆಂಡಿಗೆ 98 ತೋರಿಸುತ್ತದೆ, ಮರುಕ್ಷಣ 100 ಆಗುತ್ತದೆ, ಅಲ್ಲಿಂದ ಕೆಳಗಿಳಿಯುವುದೇ ಇಲ್ಲ. 4.7 ಗಿಗಾಹರ್ಟ್ಸ್ ವೇಗದಲ್ಲಿ ಓಡಬೇಕಾದ ಕೋರುಗಳು (ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕಗಳು) 3.3ಕ್ಕೆ ಕುಸಿಯುತ್ತವೆ. ಹಳೆಯ ಪ್ರೊಸೆಸರಿನಲ್ಲಿ ಐವತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಒಂದು ಮದುವೆಯ ಕ್ಯಾಸೆಟ್ಟಿನ ಕೆಲಸಕ್ಕೆ (ನಮ್ಮಲ್ಲಿ ಈಗಲೂ ಕ್ಯಾಸೆಟ್ ಎಂದೇ ಕೇಳುತ್ತಾರೆ) ಈಗ ಒಂದು ತಾಸಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆ.

ಕ್ಯಾಬಿನೆಟ್ಟಿನ ಬದಿಯ ಗಾಜನ್ನು ತೆಗೆದು ನೋಡಿದೆ. ಪ್ರೊಸೆಸರಿನ ಮೇಲೆ ಕೂತಿರುವ ದುಂಡನೆಯ ಬ್ಲಾಕನ್ನು ಎರಡು ಬೆರಳಿನಲ್ಲಿ ಹಿಡಿದರೆ ಎಡಕ್ಕೂ ಬಲಕ್ಕೂ ಸರಾಗವಾಗಿ ತಿರುಗುತ್ತದೆ, ಒಂದು ಮೂಲೆಯನ್ನು ಒತ್ತಿದರೆ ಎದುರಿನ ಮೂಲೆ ಸ್ವಲ್ಪ ಮೇಲೇಳುತ್ತದೆ. ನಾಲ್ಕೂ ಸ್ಕ್ರೂಗಳು ಪೂರ್ತಿ ಬಿಗಿಯಾಗಿವೆ, ಇನ್ನು ಒಂದು ಎಳೆಯಷ್ಟೂ ತಿರುಗುವುದಿಲ್ಲ. ಅಂಗಡಿಯವರನ್ನು ಕೇಳಿದರೆ, ಲಿಕ್ವಿಡ್ ಕೂಲರಿನಲ್ಲಿ ಅಷ್ಟು ಸಡಿಲ ಇದ್ದೇ ಇರುತ್ತದೆ, ನಿಮ್ಮ ಪಂಪ್ ಹೋಗಿರಬೇಕು, 360 ಮಿ.ಮೀ.ನದು ಹೊಸದಾಗಿ ತೆಗೆದುಕೊಳ್ಳಿ ಎಂದರು. ಪ್ರೊಸೆಸರಿಗೂ ಬ್ಲಾಕಿಗೂ ನಡುವೆ ಹಚ್ಚುವ ಪೇಸ್ಟನ್ನು ಎರಡು ಬಾರಿ ಬದಲಿಸಿಕೊಟ್ಟರೂ ಎರಡು ಡಿಗ್ರಿಯ ವ್ಯತ್ಯಾಸವೂ ಕಾಣಲಿಲ್ಲ. ಸ್ಟುಡಿಯೊದಲ್ಲಿ ಏಸಿ ಇಲ್ಲ, ಈಗ ಏಪ್ರಿಲ್ ಬಿಸಿಲಿಗೆ ಕೋಣೆಯೊಳಗೇ 34 ಡಿಗ್ರಿ ಇರುತ್ತದೆ.

ಪಂಪ್ ನಿಜವಾಗಿಯೂ ಹೋಗಿದೆಯೇ, ಹೊಸ ಕೂಲರಿಗೆ ದುಡ್ಡು ಹಾಕಲೇಬೇಕೇ, ಬಲ್ಲವರು ದಯವಿಟ್ಟು ತಿಳಿಸಿ. ಬರುವ ವಾರ ಎರಡು ಮದುವೆಯ ಕೆಲಸ ಕೊಡಬೇಕಾಗಿದೆ.


ರಾಣೆಬೆನ್ನೂರು ಗೆಳೆಯ — ಸೋಮವಾರ, ರಾತ್ರಿ

ನಮಸ್ಕಾರ ಅಣ್ಣಾವರೇ. ಕಳೆದ ವರ್ಷ ಬೇಸಿಗೆಯಲ್ಲಿ ನನಗೂ ಇದೇ ತರಹ ಆಗಿತ್ತು. ರೇಡಿಯೇಟರಿನ ಫ್ಯಾನು ಬಿಚ್ಚಿ ನೋಡಿದಾಗ ಅದರ ಹಿಂದೆ ಧೂಳು ಕಂಬಳಿಯಂತೆ ಕೂತಿತ್ತು. ಬ್ಲೋವರ್ ಹಿಡಿದು ಊದಿಸಿದ ಮೇಲೆ ಎಂಟು ಡಿಗ್ರಿ ಇಳಿಯಿತು. ಹುಬ್ಬಳ್ಳಿಯ ರಸ್ತೆಯ ಧೂಳಿನ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ, ಆದ್ದರಿಂದ ಮೊದಲು ಅದನ್ನು ನೋಡಿ. ಬ್ಲಾಕ್ ಸಡಿಲವಿದೆ ಎಂದಿದ್ದೀರಿ. ಪೇಸ್ಟನ್ನು ಸ್ವಲ್ಪ ಧಾರಾಳವಾಗಿ, ದಪ್ಪವಾಗಿ ಹಾಕಿದರೆ ಆ ಸಂದು ತುಂಬಿಕೊಳ್ಳುತ್ತದೆ ಎಂದು ನನ್ನ ಅಭಿಪ್ರಾಯ.


ಸಾಧನಕೇರಿ — ಮಂಗಳವಾರ, ಬೆಳಿಗ್ಗೆ

ಕೇಶ್ವಾಪುರದವರೇ, ನಾನು ಧಾರವಾಡದಲ್ಲಿ ಬಹಳ ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಕಂಪ್ಯೂಟರ್ ರಿಪೇರಿ ನನ್ನ ಕಸುಬಲ್ಲ. ಆದರೆ ನೀವು ಕೊಟ್ಟ ವಿವರಗಳಲ್ಲಿ ಒಂದು ಅಂಕಿ ಬಹಳ ಮಾತಾಡುತ್ತಿದೆ, ಅದನ್ನು ಬಿಟ್ಟು ಮುಂದೆ ಹೋಗಬಾರದು ಎಂದು ಬರೆಯುತ್ತಿದ್ದೇನೆ. ಅದು 100 ಡಿಗ್ರಿಯಲ್ಲ, ಮೂರು ಸೆಕೆಂಡು.

ಲಿಕ್ವಿಡ್ ಕೂಲರಿನೊಳಗೆ ಕಾಲು ಕಿಲೊ ನೀರು ಇದೆ ಎಂದು ಇಟ್ಟುಕೊಳ್ಳೋಣ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಜೂಲ್ ಬೇಕು, ಹಾಗಾದರೆ ಅಷ್ಟೂ ನೀರನ್ನು ಒಂದು ಡಿಗ್ರಿ ಏರಿಸಲು 1,050 ಜೂಲ್ ಬೇಕಾಗುತ್ತದೆ. ನಿಮ್ಮ ಪ್ರೊಸೆಸರಿನ ಗರಿಷ್ಠ ಟರ್ಬೊ ಶಕ್ತಿ 190 ವಾಟ್, ಅಂದರೆ ಸೆಕೆಂಡಿಗೆ 190 ಜೂಲ್. ಮೂರು ಸೆಕೆಂಡಿನಲ್ಲಿ ನೀರು ಅರ್ಧ ಡಿಗ್ರಿಯಷ್ಟು ಏರಬಹುದು, ಅದಕ್ಕಿಂತ ಹೆಚ್ಚಿಲ್ಲ. ರೇಡಿಯೇಟರ್ ಧೂಳಿನಿಂದ ಸಂಪೂರ್ಣ ಮುಚ್ಚಿಹೋಗಿ ಎಳ್ಳಷ್ಟು ಶಾಖವನ್ನೂ ಹೊರಗೆ ಬಿಡದೆ ಇದ್ದರೂ, ನೀರು 46ರಿಂದ 98ಕ್ಕೆ ತಲುಪಲು ಸುಮಾರು ಐದು ನಿಮಿಷ ಬೇಕು. ಆದ್ದರಿಂದ ರಾಣೆಬೆನ್ನೂರಿನ ಗೆಳೆಯರು ಹೇಳಿದ ಧೂಳು ನಿಮ್ಮಲ್ಲಿಯೂ ಇರಬಹುದು, ತೆಗೆದರೆ ಒಳ್ಳೆಯದೇ ಆಗುತ್ತದೆ, ಆದರೆ ನಿಮ್ಮ ರೋಗದ ಮೂಲ ಅದಲ್ಲ. ಮೂರು ಸೆಕೆಂಡಿನಲ್ಲಿ 52 ಡಿಗ್ರಿ ಜಿಗಿಯಬೇಕಾದರೆ ಶಾಖವು ನೀರಿನವರೆಗೆ ಹೋಗುವ ದಾರಿಯಲ್ಲಿಯೇ ಎಲ್ಲೋ ತಡೆಯಿರಬೇಕು. ಸರಿಯಾಗಿ ಕೂತ ಬ್ಲಾಕಿನಲ್ಲಿಯೂ ಕೆಲಸ ಕೊಟ್ಟ ಕ್ಷಣ 25-30 ಡಿಗ್ರಿ ಏರುವುದು ಸಹಜ, ಏಕೆಂದರೆ ಸಿಲಿಕಾನ್ ತುಣುಕು ಬಹಳ ಚಿಕ್ಕದು, ಅದರಲ್ಲಿ ಶಾಖ ಹಿಡಿದಿಡುವ ಶಕ್ತಿಯೇ ಇಲ್ಲ. ಆದರೆ ಆ ಜಿಗಿತ 52ಕ್ಕೆ ಹೋಗುವುದು ಸಹಜವಲ್ಲ.

ಇನ್ನು ದಪ್ಪ ಪೇಸ್ಟಿನ ವಿಚಾರ. ಶಾಖವನ್ನು ಸಾಗಿಸುವ ಶಕ್ತಿಯ ಒಂದೇ ಅಳತೆಯಲ್ಲಿ ತಾಮ್ರಕ್ಕೆ ಸುಮಾರು 400 ಇದ್ದರೆ ಒಳ್ಳೆಯ ಪೇಸ್ಟುಗಳಿಗೆ 4ರಿಂದ 12, ನಿಶ್ಚಲ ಗಾಳಿಗೆ 0.026 ಮಾತ್ರ. ಪೇಸ್ಟು ಗಾಳಿಗಿಂತ ನೂರಾರು ಪಟ್ಟು ಮೇಲು ಎಂಬುದು ನಿಜ, ಆದರೆ ತಾಮ್ರದ ಮುಂದೆ ಅದು ಏನೂ ಅಲ್ಲ. ಅದರ ಕೆಲಸ ಲೋಹದ ಮೈಮೇಲಿನ ಕಣ್ಣಿಗೆ ಕಾಣದ ಗೀರು, ತಗ್ಗುಗಳಲ್ಲಿ ನಿಂತ ಗಾಳಿಯನ್ನು ಹೊರಹಾಕುವುದು, ಅಷ್ಟೇ. ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಅರಿವೆಯಿಂದ ಒತ್ತುವುದನ್ನು ದಿನವೂ ನೋಡುತ್ತೇವೆ. ರೊಟ್ಟಿ ಎಲ್ಲಿ ಹಂಚಿಗೆ ತಾಗುವುದಿಲ್ಲವೋ ಅಲ್ಲಿ ಹಸಿಯಾಗಿಯೇ ಉಳಿಯುತ್ತದೆ, ಕೆಳಗೆ ಉರಿ ಎಷ್ಟೇ ಇರಲಿ. ಇಲ್ಲಿಯೂ ಬೇಕಾದದ್ದು ಒತ್ತಡ. ಒತ್ತಡವಿಲ್ಲದ ಕಡೆ ದಪ್ಪವಾಗಿ ಪೇಸ್ಟು ಮೆತ್ತಿದರೆ ಅದು ತಡೆಗೋಡೆಯಾಗುತ್ತದೆ. ಅಲ್ಲದೆ ಬ್ಲಾಕ್ ಅಲ್ಲಾಡಿದಾಗಲೆಲ್ಲ ಪೇಸ್ಟು ಹೊರಗೆ ಸರಿದು ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ನಿಮ್ಮ ಎರಡು ಪೇಸ್ಟುಗಳೂ ವ್ಯರ್ಥವಾಗಿದ್ದು ಇದೇ ಕಾರಣಕ್ಕೆ ಎಂದು ನನ್ನ ಊಹೆ.

ಊಹೆಯ ಮೇಲೆ ದುಡ್ಡು ಖರ್ಚು ಮಾಡುವುದು ಬೇಡ. ರೆಂಡರ್ ಹತ್ತು ನಿಮಿಷ ಓಡಲಿ. ಆಗ ಎರಡೂ ಕೊಳವೆಗಳನ್ನು ಮತ್ತು ರೇಡಿಯೇಟರಿನ ಎರಡೂ ತುದಿಗಳನ್ನು ಕೈಯಿಂದ ಮುಟ್ಟಿ ನೋಡಿ. ಪಂಪ್ ನಿಂತಿದ್ದರೆ ಬ್ಲಾಕಿನ ಹತ್ತಿರ ಕೊಳವೆ ಸುಡುತ್ತದೆ, ರೇಡಿಯೇಟರ್ ತಣ್ಣಗೆ ಉಳಿಯುತ್ತದೆ, ಕೆಲಸ ನಿಲ್ಲಿಸಿದ ಮೇಲೂ ತಾಪಮಾನ ಬೇಗ ಇಳಿಯುವುದಿಲ್ಲ. ಜೊತೆಗೆ ಎಚ್‌ಡಬ್ಲ್ಯುಇನ್ಫೊ ತಂತ್ರಾಂಶದಲ್ಲಿ ಪಂಪಿನ ಸುತ್ತುಗಳು, ಪ್ರತಿ ಕೋರಿನ ತಾಪಮಾನ, ಪ್ರೊಸೆಸರ್ ಬಳಸುತ್ತಿರುವ ವಾಟ್ ಈ ಮೂರನ್ನೂ ಬರೆದುಕೊಂಡು ಇಲ್ಲಿ ತಿಳಿಸಿ.


ಕೇಶ್ವಾಪುರ ಸ್ಟುಡಿಯೊ — ಮಂಗಳವಾರ, ಮಧ್ಯಾಹ್ನ

ಗುರುಗಳೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಅನಂತ ಧನ್ಯವಾದಗಳು. ನೀವು ಹೇಳಿದಂತೆಯೇ ನೋಡಿದೆ.

ಪಂಪ್ ನಿಮಿಷಕ್ಕೆ 2,700 ಸುತ್ತಿನಲ್ಲಿ ಓಡುತ್ತಿದೆ, ಬ್ಲಾಕಿಗೆ ಬೆರಳಿಟ್ಟರೆ ಅದರ ಸಣ್ಣ ಕಂಪನವೂ ತಿಳಿಯುತ್ತದೆ. ಹತ್ತು ನಿಮಿಷದ ನಂತರ ಎರಡೂ ಕೊಳವೆಗಳು ಒಂದೇ ಸಮನೆ ಉಗುರುಬೆಚ್ಚಗೆ ಇದ್ದವು. ರೇಡಿಯೇಟರ್ ಕೂಡ ಅಷ್ಟೇ ಬೆಚ್ಚಗಿತ್ತು, ಯಾವುದೂ ಸುಡುವಂತಿರಲಿಲ್ಲ. ರೆಂಡರ್ ನಿಲ್ಲಿಸಿದ ತಕ್ಷಣ ತಾಪಮಾನ 100ರಿಂದ 52ಕ್ಕೆ ಇಳಿಯಿತು. ಪ್ರೊಸೆಸರ್ ಬಳಸುತ್ತಿದ್ದದ್ದು 95 ವಾಟ್ ಮಾತ್ರ. ಎಂಟು ದೊಡ್ಡ ಕೋರುಗಳಲ್ಲಿ ಒಂದು 100 ಇದ್ದಾಗ ಇನ್ನೊಂದು 81 ಇತ್ತು. ಇಷ್ಟು ಅಂತರ ಇರುತ್ತದೆಯೇ?

ಇನ್ನೊಂದು ಸಂಗತಿ. ನನ್ನ ಹಳೆಯ ವಹಿಯಲ್ಲಿ ಹುಡುಕಿದಾಗ ಐ7-10700ಕೆ ಇದ್ದ ಕಾಲದ ಒಂದು ಟಿಪ್ಪಣಿ ಸಿಕ್ಕಿತು. ಕೋಣೆ 28 ಡಿಗ್ರಿ ಇದ್ದಾಗ, 125 ವಾಟಿನಲ್ಲಿ, ಪ್ರೊಸೆಸರ್ 66 ಡಿಗ್ರಿ. ಕೂಲರ್ ಇದೇ.


ಸಾಧನಕೇರಿ — ಮಂಗಳವಾರ, ಸಂಜೆ

ಆ ಟಿಪ್ಪಣಿಯನ್ನು ಬರೆದಿಟ್ಟದ್ದು ಬಹಳ ಉಪಕಾರವಾಯಿತು. ಪ್ರೊಸೆಸರಿನ ತಾಪಮಾನದಲ್ಲಿ ಕೋಣೆಯ ತಾಪಮಾನವನ್ನು ಕಳೆದು, ಬಂದದ್ದನ್ನು ವಾಟಿನಿಂದ ಭಾಗಿಸಿ. ಒಂದು ವಾಟಿಗೆ ಎಷ್ಟು ಡಿಗ್ರಿ ಏರುತ್ತದೆ ಎಂಬ ಅಂಕಿ ಸಿಗುತ್ತದೆ. ಹಳೆಯ ಲೆಕ್ಕದಲ್ಲಿ 38ನ್ನು 125ರಿಂದ ಭಾಗಿಸಿದರೆ ಸುಮಾರು 0.30. ಇಂದಿನ ಲೆಕ್ಕದಲ್ಲಿ 66ನ್ನು 95ರಿಂದ ಭಾಗಿಸಿದರೆ ಸುಮಾರು 0.69. ಕೂಲರ್ ಅದೇ, ಪಂಪ್ ಅದೇ, ರೇಡಿಯೇಟರ್ ಅದೇ. ಶಾಖದ ದಾರಿಯ ತಡೆ ಮಾತ್ರ ಎರಡು ಪಟ್ಟಿಗಿಂತ ಹೆಚ್ಚಾಗಿದೆ. ಬೇಸಿಗೆಯ ಕಾರಣವನ್ನು ಈ ಲೆಕ್ಕ ಆಗಲೇ ಕಳೆದುಬಿಟ್ಟಿದೆ ಎಂಬುದನ್ನೂ ಗಮನಿಸಿ.

ಹೊಸ ಪ್ರೊಸೆಸರಿನೊಳಗಿನ ರಚನೆ ಬೇರೆ, ಹಾಗಾಗಿ ಎರಡು ಅಂಕಿಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಅದು ಉತ್ತರವಲ್ಲ. ಕೋರಿನಿಂದ ಕೋರಿಗೆ 19 ಡಿಗ್ರಿ ಅಂತರವಿರುವುದು ಬ್ಲಾಕ್ ಒಂದು ಕಡೆ ತಾಗಿ ಇನ್ನೊಂದು ಕಡೆ ಎದ್ದಿದೆ ಎಂಬುದರ ಗುರುತು. ಸ್ಕ್ರೂ ಬಿಗಿಯಾಗಿದ್ದರೂ ಬ್ಲಾಕ್ ಏಕೆ ಸಡಿಲ ಎಂಬುದನ್ನು ಕೈಯಿಂದ ಕೆಲಸ ಮಾಡಿದವರು ಹೇಳಬೇಕು.


ಬೆಟಗೇರಿ ರಿಪೇರಿ — ಮಂಗಳವಾರ, ರಾತ್ರಿ

ಸರ್, ನಾನು ಗದಗ-ಬೆಟಗೇರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಇಲ್ಲಿನ ಪ್ರಿಂಟಿಂಗ್ ಪ್ರೆಸ್‌ಗಳ ಡಿಟಿಪಿ ಕಂಪ್ಯೂಟರುಗಳೇ ಹೆಚ್ಚಾಗಿ ನನ್ನ ಕೈಗೆ ಬರುತ್ತವೆ. ನಿಮ್ಮ ತೊಂದರೆಯನ್ನು ನಾನು ಎರಡು ಬಾರಿ ಕಣ್ಣಾರೆ ನೋಡಿದ್ದೇನೆ, ಕಾರಣವನ್ನು ಖಚಿತವಾಗಿ ಹೇಳಬಲ್ಲೆ.

ನಿಮ್ಮ ಹಳೆಯ ಪ್ರೊಸೆಸರ್ ಎಲ್‌ಜಿಎ 1200 ಸಾಕೆಟ್ಟಿನದು (ಸಾಕೆಟ್ ಎಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ). ಹೊಸದು ಎಲ್‌ಜಿಎ 1700. ಹಳೆಯದರಲ್ಲಿ ಕೂಲರ್ ಕೂಡಿಸುವ ನಾಲ್ಕು ರಂಧ್ರಗಳು 75 ಮಿ.ಮೀ. ಅಂತರದಲ್ಲಿರುತ್ತಿದ್ದವು, ಹೊಸದರಲ್ಲಿ 78 ಮಿ.ಮೀ. ಮೂರು ಮಿ.ಮೀ. ವ್ಯತ್ಯಾಸವಿದ್ದುದರಿಂದ ಸಾಮಾನ್ಯವಾಗಿ ಹಳೆಯ ಸಾಮಾನು ಹೊಸ ಬೋರ್ಡಿಗೆ ಕೂಡುವುದೇ ಇಲ್ಲ, ತಪ್ಪು ಅಲ್ಲಿಯೇ ತಿಳಿದುಬಿಡುತ್ತದೆ. ಆದರೆ ಗಿರಾಕಿಗಳಿಗೆ ಹಳೆಯ ಕೂಲರ್ ಉಪಯೋಗಕ್ಕೆ ಬರಲಿ ಎಂಬ ಒಳ್ಳೆಯ ಉದ್ದೇಶದಿಂದ ಕೆಲವು ಝಡ್690 ಬೋರ್ಡುಗಳಲ್ಲಿ ಎರಡೂ ಅಳತೆಯ ರಂಧ್ರಗಳನ್ನು ಕೊಟ್ಟಿದ್ದಾರೆ. ನಿಮ್ಮ ಬೋರ್ಡು ಅಂಥದೇ ಇರಬೇಕು. ಸಾಕೆಟ್ಟಿನ ಒಂದೊಂದು ಮೂಲೆಯಲ್ಲಿ ಪಕ್ಕಪಕ್ಕದಲ್ಲಿ ಎರಡೆರಡು ರಂಧ್ರಗಳಿವೆಯೇ ನೋಡಿ.

ರಂಧ್ರ ಹೊಂದಿತು ಎಂದ ಮಾತ್ರಕ್ಕೆ ಎತ್ತರ ಹೊಂದುವುದಿಲ್ಲ. ಬೋರ್ಡಿನಿಂದ ಪ್ರೊಸೆಸರಿನ ತಲೆಯವರೆಗಿನ ಎತ್ತರ ಎಲ್‌ಜಿಎ 1700ರಲ್ಲಿ ಸುಮಾರು ಮುಕ್ಕಾಲು ಮಿ.ಮೀ. ಕಡಿಮೆ. ಮುಕ್ಕಾಲು ಮಿ.ಮೀ. ಎಂದರೆ ಏನು ಮಹಾ ಎಂದು ಅನಿಸಬಹುದು. ಬ್ಲಾಕನ್ನು ಹಿಡಿದಿಡುವುದು ಸ್ಟ್ಯಾಂಡ್‌ಆಫ್ ಎಂಬ ನಾಲ್ಕು ಪುಟ್ಟ ಲೋಹದ ಕಂಬಗಳು. ಮೇಲಿನಿಂದ ತಿರುಗಿಸುವ ಸ್ಕ್ರೂ ಆ ಕಂಬದ ಹೆಗಲಿಗೆ ಬಂದು ತಾಗಿದ ಕೂಡಲೇ ನಿಂತುಬಿಡುತ್ತದೆ. ಯಾರೂ ಅತಿಯಾಗಿ ಬಿಗಿದು ಬೋರ್ಡು ಬಾಗಿಸಬಾರದು ಎಂದು ಹಾಗೆಯೇ ಮಾಡಿರುತ್ತಾರೆ. ಹಳೆಯ ಕಂಬಗಳು ಹಳೆಯ ಎತ್ತರಕ್ಕೆ ಸರಿಯಾಗಿ ಮಾಡಿದವು. ಅವುಗಳ ಮೇಲೆ ಸ್ಕ್ರೂ ಪೂರ್ತಿ ಬಿಗಿಯಾಗಿ ಕೂತಿದೆ, ಕೈಗೆ ಗಟ್ಟಿ ಎನಿಸುತ್ತದೆ, ಆದರೆ ಆ ಬಿಗಿ ಕಂಬಕ್ಕೆ ಸಿಕ್ಕಿದೆಯೇ ಹೊರತು ಬ್ಲಾಕಿಗೆ ಸಿಕ್ಕಿಲ್ಲ. ಬ್ಲಾಕ್ ಪ್ರೊಸೆಸರಿನ ಮೇಲೆ ಸುಮ್ಮನೆ ಕೂತಿದೆ, ಅದೂ ಕೊಳವೆಗಳು ಎಳೆದ ಕಡೆಗೆ ಓರೆಯಾಗಿ. ನಿಮ್ಮ 19 ಡಿಗ್ರಿ ಅಂತರ ಅಲ್ಲಿಂದ ಬಂದದ್ದು.

ಅಂಗಡಿಯವರು ಸ್ವಲ್ಪ ಸಡಿಲ ಇರುತ್ತದೆ ಎಂದದ್ದು ಎಲ್ಲಿಂದ ಬಂತು ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ಈ ಮಾತು ಬಹಳ ಕಡೆ ತಪ್ಪಾಗಿ ಹಬ್ಬಿದೆ. ಹಲವು ಕೂಲರುಗಳಲ್ಲಿ ಬೋರ್ಡಿನ ಹಿಂಬದಿಯ ಪ್ಲೇಟ್, ಬ್ಲಾಕನ್ನು ಬಿಗಿಯುವ ಮೊದಲು ಹಿಂದೆ ಮುಂದೆ ಅಲ್ಲಾಡುತ್ತದೆ. ಅದು ಸಹಜ, ಬ್ಲಾಕ್ ಬಿಗಿದ ಮೇಲೆ ಅದು ತಾನೇ ಗಟ್ಟಿಯಾಗುತ್ತದೆ. ಬ್ಲಾಕ್ ಬಿಗಿದ ಮೇಲೂ ಬ್ಲಾಕೇ ಅಲ್ಲಾಡುವುದು ಯಾವ ಕಂಪನಿಯ ಯಾವ ಕೂಲರಿನಲ್ಲಿಯೂ ಸಹಜವಲ್ಲ. 360 ಮಿ.ಮೀ.ನ ಹೊಸ ಕೂಲರ್ ತಂದು ಸರಿಯಾದ ಕಂಬದ ಮೇಲೆ ಕೂಡಿಸಿದ್ದರೆ ತಾಪಮಾನ ಇಳಿಯುತ್ತಿತ್ತು, ನಾವೆಲ್ಲರೂ ಹಳೆಯ ಪಂಪ್ ಹಾಳಾಗಿತ್ತು ಎಂದೇ ನಂಬಿರುತ್ತಿದ್ದೆವು. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಚೆನ್ನಾಗಿರುವ ಎಷ್ಟು ಕೂಲರುಗಳು ಹೀಗೆ ಗುಜರಿಗೆ ಹೋಗಿವೆಯೋ.

ಈಗ ಮಾಡಬೇಕಾದ ಕೆಲಸ. ನಿಮ್ಮ ಕೂಲರಿನ ಕಂಪನಿಗೆ ಬಿಲ್ಲಿನ ಫೋಟೊ ಕಳಿಸಿ ಎಲ್‌ಜಿಎ 1700 ಕಿಟ್ (ಹೊಸ ಸಾಕೆಟ್ಟಿನ ಎತ್ತರಕ್ಕೆ ಹೊಂದುವ ಕಂಬಗಳು) ಕೇಳಿ. ಬಹಳಷ್ಟು ಕಂಪನಿಗಳು ಹಳೆಯ ಮಾಡೆಲ್ಲುಗಳಿಗೂ ಅದನ್ನು ಉಚಿತವಾಗಿ ಅಥವಾ ಕಡಿಮೆ ಬೆಲೆಗೆ ಕಳಿಸುತ್ತವೆ. ಅದು ಬರುವವರೆಗೆ ಬೋರ್ಡಿನ ಸೆಟ್ಟಿಂಗುಗಳಿರುವ ಬಯಾಸ್‌ಗೆ ಹೋಗಿ ಪಿಎಲ್‌1, ಪಿಎಲ್‌2 ಎಂಬ ಪ್ರೊಸೆಸರಿನ ಎರಡೂ ವಿದ್ಯುತ್ ಮಿತಿಗಳನ್ನು 65 ವಾಟಿಗೆ ಇಳಿಸಿ. ಗುರುಗಳ ಲೆಕ್ಕದ ಪ್ರಕಾರವೇ 0.69ನ್ನು 65ರಿಂದ ಗುಣಿಸಿದರೆ 45, ಅದಕ್ಕೆ ಕೋಣೆಯ 34 ಕೂಡಿಸಿದರೆ 79 ಡಿಗ್ರಿ. ಕೆಲಸ ನಿಧಾನವಾದರೂ ನಿಲ್ಲುವುದಿಲ್ಲ. ಪ್ರೊಸೆಸರ್ 100ರಲ್ಲಿ ತನ್ನ ವೇಗವನ್ನು ತಾನೇ ಕಡಿಮೆ ಮಾಡಿಕೊಂಡು ಕಾಪಾಡಿಕೊಳ್ಳುತ್ತದೆ, ಹಾಗಾಗಿ ಇಷ್ಟು ದಿನಕ್ಕೆ ಅದು ಕೆಟ್ಟಿರುವ ಭಯ ಬೇಡ. ಆದರೆ ಕ್ಯಾಬಿನೆಟ್ಟನ್ನು ಎತ್ತಿ ಬೇರೆ ಕಡೆ ಇಡುವುದು, ಅಡ್ಡ ಮಲಗಿಸುವುದು ಸದ್ಯಕ್ಕೆ ಮಾಡಬೇಡಿ.


ಕೇಶ್ವಾಪುರ ಸ್ಟುಡಿಯೊ — ಬುಧವಾರ, ಬೆಳಿಗ್ಗೆ

ಬೆಟಗೇರಿಯ ಅಣ್ಣಾವರೇ, ಟಾರ್ಚ್ ಹಿಡಿದು ನೋಡಿದೆ. ನೀವು ಹೇಳಿದಂತೆಯೇ ಪ್ರತಿ ಮೂಲೆಯಲ್ಲಿ ಎರಡು ರಂಧ್ರಗಳಿವೆ, ಕೂಲರ್ ಒಳಗಿನ ರಂಧ್ರದಲ್ಲಿ ಕೂತಿದೆ. 65 ವಾಟಿಗೆ ಇಳಿಸಿದ ಮೇಲೆ 80 ಡಿಗ್ರಿಗೆ ನಿಂತಿದೆ. ನೀವು ಲೆಕ್ಕ ಹಾಕಿದ್ದಕ್ಕಿಂತ ಒಂದೇ ಡಿಗ್ರಿ ಹೆಚ್ಚು.

ಕಂಪನಿಯವರು ಕಿಟ್ ಕಳಿಸಲು ಒಪ್ಪಿದ್ದಾರೆ, ಬರಲು ಎಂಟು-ಹತ್ತು ದಿನ ಎಂದಿದ್ದಾರೆ. ಅಲ್ಲಿಯವರೆಗೆ ವಾಷರ್ ಹಾಕಿ ಬಿಗಿ ಮಾಡಬಹುದು ಎಂದು ಗೆಳೆಯರೊಬ್ಬರು ಹೇಳಿದರು. ಕಂಬದ ಕೆಳಗೆ ಹಾಕಬೇಕೇ, ಮೇಲೆ ಹಾಕಬೇಕೇ?


ಬೆಟಗೇರಿ ರಿಪೇರಿ — ಬುಧವಾರ, ಮಧ್ಯಾಹ್ನ

ಕಂಬದ ಕೆಳಗೆ ಖಂಡಿತ ಬೇಡ. ಬೋರ್ಡಿಗೂ ಕಂಬಕ್ಕೂ ನಡುವೆ ವಾಷರ್ ಹಾಕಿದರೆ ಕಂಬ ಇನ್ನೂ ಎತ್ತರವಾಗಿ ಸಡಿಲ ಹೆಚ್ಚುತ್ತದೆ. ಈ ತಪ್ಪನ್ನು ಬಹಳ ಜನ ಮಾಡುತ್ತಾರೆ. ವಾಷರ್ ಹೋಗಬೇಕಾದದ್ದು ಮೇಲೆ, ಸ್ಕ್ರೂವಿನ ಸ್ಪ್ರಿಂಗಿಗೂ ಬ್ಲಾಕಿನ ಕಿವಿಗೂ ನಡುವೆ. ಆಗ ಸ್ಕ್ರೂ ಕಂಬದ ಹೆಗಲಿಗೆ ತಾಗುವಷ್ಟರಲ್ಲಿ ಸ್ಪ್ರಿಂಗ್ ಇನ್ನೊಂದು ಮಿ.ಮೀ.ನಷ್ಟು ಅದುಮಿಕೊಂಡು ಬ್ಲಾಕನ್ನು ಕೆಳಗೆ ಒತ್ತುತ್ತದೆ. 1 ಮಿ.ಮೀ. ದಪ್ಪದ ನೈಲಾನ್ ವಾಷರ್ ನಾಲ್ಕು, ನಾಲ್ಕೂ ಒಂದೇ ಅಳತೆಯವು ಇರಬೇಕು. ಲೋಹದ ವಾಷರ್ ಬೇಡ, ಕೈ ಜಾರಿ ಬೋರ್ಡಿನ ಮೇಲೆ ಬಿದ್ದು ಎಲ್ಲೋ ಸಿಕ್ಕಿಕೊಂಡರೆ ಶಾರ್ಟ್ ಆಗುತ್ತದೆ. ಎರಡು ವಾಷರ್ ಒಂದರ ಮೇಲೊಂದು ಹಾಕುವ ಆಸೆಗೂ ಹೋಗಬೇಡಿ. ಈ ಪ್ರೊಸೆಸರ್ ಉದ್ದನೆಯದು, ಸಾಕೆಟ್ಟಿನ ಹಿಡಿತಕ್ಕೇ ಅದು ನಡುವೆ ಸ್ವಲ್ಪ ಬಾಗುವ ಗುಣವುಳ್ಳದ್ದು, ಅದರ ಮೇಲೆ ಅನಗತ್ಯ ಭಾರ ಹೇರಬಾರದು. ವಾಷರ್ ತಾತ್ಕಾಲಿಕ ಉಪಾಯ. ಕಿಟ್ ಬಂದ ದಿನ ತೆಗೆದುಬಿಡಿ.

ಬಿಚ್ಚುವ ಮೊದಲು ಐದು ನಿಮಿಷ ಕಂಪ್ಯೂಟರ್ ಓಡಿಸಿ, ಪೇಸ್ಟು ಮೆತ್ತಗಾಗುತ್ತದೆ. ನಂತರ ಬಂದ್ ಮಾಡಿ, ವೈರ್ ಕಿತ್ತು, ಬ್ಲಾಕನ್ನು ಮೊದಲು ತಿರುಚಿ ಆಮೇಲೆ ಎತ್ತಿ. ತೆಗೆದ ತಕ್ಷಣ ಒರೆಸಬೇಡಿ. ಪೇಸ್ಟು ಎರಡೂ ಕಡೆ ಹೇಗೆ ಹರಡಿದೆ ಎಂಬುದರ ಒಂದು ಫೋಟೊ ತೆಗೆದಿಡಿ, ನಿಮ್ಮ ಕಸುಬೇ ಅದು. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನೂಲು ಬಿಡದ ಬಟ್ಟೆಯಿಂದ ಎರಡನ್ನೂ ಒರೆಸಿ. ಮೊಬೈಲ್ ರಿಪೇರಿ ಸಾಮಾನು ಮಾರುವವರಲ್ಲಿ ಅದು ಸಿಗುತ್ತದೆ. ಹೊಸ ಪೇಸ್ಟನ್ನು ಪ್ರೊಸೆಸರಿನ ಉದ್ದಕ್ಕೆ ಒಂದು ಗೆರೆಯಂತೆ ಹಾಕಿದರೆ ಸಾಕು.

ಬಿಗಿಯುವಾಗ ಅವಸರ ಮಾಡಬೇಡಿ. ನಾಲ್ಕೂ ಸ್ಕ್ರೂಗಳನ್ನು ಮೊದಲು ಎರಡೆರಡು ಸುತ್ತು ಮಾತ್ರ ಹಿಡಿಸಿ. ನಂತರ ಒಂದು ಮೂಲೆ, ಅದರ ಎದುರಿನ ಮೂಲೆ, ಮತ್ತೆ ಉಳಿದೆರಡು, ಹೀಗೆ ಅರ್ಧರ್ಧ ಸುತ್ತು. ಒಂದನ್ನೇ ಪೂರ್ತಿ ಬಿಗಿದರೆ ಬ್ಲಾಕ್ ಓರೆಯಾಗಿ ಪೇಸ್ಟನ್ನೆಲ್ಲ ಒಂದು ಕಡೆ ತಳ್ಳಿಬಿಡುತ್ತದೆ. ಕೊಳವೆಗಳು ಯಾವ ಕಡೆಗೂ ಎಳೆಯದಂತೆ, ತಮ್ಮಷ್ಟಕ್ಕೆ ತಾವು ಬಾಗಿ ನಿಲ್ಲುವಂತೆ ಬ್ಲಾಕಿನ ದಿಕ್ಕನ್ನು ಮೊದಲೇ ಗೊತ್ತುಮಾಡಿಕೊಳ್ಳಿ.


ಕೇಶ್ವಾಪುರ ಸ್ಟುಡಿಯೊ — ಎರಡು ವಾರದ ನಂತರ, ಭಾನುವಾರ

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ, ಎರಡೂ ಮದುವೆಯ ಕೆಲಸ ಮುಗಿಸಿಕೊಟ್ಟು ಈಗ ಬರೆಯುತ್ತಿದ್ದೇನೆ.

ವಾಷರ್ ಹಾಕಲು ಧೈರ್ಯ ಸಾಲಲಿಲ್ಲ, 65 ವಾಟಿನಲ್ಲಿಯೇ ರಾತ್ರಿಯಿಡೀ ರೆಂಡರ್ ಹಾಕಿ ಮಲಗುತ್ತಿದ್ದೆ. ಮೊನ್ನೆ ಕಿಟ್ ಬಂತು. ಕೈಯ ಮೇಲೆ ಹಳೆಯ ಕಂಬ ಒಂದು, ಹೊಸ ಕಂಬ ಒಂದು ಪಕ್ಕದಲ್ಲಿ ನಿಲ್ಲಿಸಿ ನೋಡಿದೆ. ಬಿಡಿಯಾಗಿ ನೋಡಿದರೆ ಎರಡೂ ಒಂದೇ ಎನಿಸುತ್ತವೆ. ಗಾಜಿನ ಮೇಲೆ ಜೊತೆಗೆ ನಿಲ್ಲಿಸಿ ಮೇಲೊಂದು ಸ್ಟೀಲ್ ಪಟ್ಟಿ ಇಟ್ಟಾಗ ಪಟ್ಟಿ ಒಂದು ಕಡೆಗೆ ವಾಲಿತು, ಅಷ್ಟೇ ವ್ಯತ್ಯಾಸ. ಅಷ್ಟಕ್ಕೇ ಒಂದು ತಿಂಗಳು ಕಳೆದದ್ದು.

ಬ್ಲಾಕ್ ಎತ್ತಿದಾಗ ಕಂಡದ್ದನ್ನು ಹೇಳಲೇಬೇಕು. ಪ್ರೊಸೆಸರಿನ ಎಡ ಅಂಚಿನಲ್ಲಿ ಪೇಸ್ಟು ತೆಳ್ಳಗೆ ಹರಡಿ, ಲೋಹದ ಮೇಲೆ ಕೆತ್ತಿದ ಅಕ್ಷರಗಳು ಅದರೊಳಗಿನಿಂದ ಕಾಣುತ್ತಿದ್ದವು. ಬಲಕ್ಕೆ ಹೋದಂತೆ ದಪ್ಪವಾಗುತ್ತಾ ಹೋಗಿ, ಕೊನೆಯ ಬೆರಳಗಲದ ಜಾಗದಲ್ಲಿ ಪೇಸ್ಟು ಟ್ಯೂಬಿನಿಂದ ಹಿಂಡಿದಾಗ ಹೇಗೆ ಬಿದ್ದಿತ್ತೋ ಹಾಗೆಯೇ ಉಬ್ಬಿ ನಿಂತಿತ್ತು. ಅದರ ತುದಿ ಕೂಡ ಮುರಿದಿರಲಿಲ್ಲ. ಬ್ಲಾಕಿನ ತಾಮ್ರ ಆ ಕಡೆ ಹೊಚ್ಚಹೊಸದರಂತೆ ಹೊಳೆಯುತ್ತಿತ್ತು, ಒಂದು ಚುಕ್ಕೆ ಪೇಸ್ಟೂ ಅಂಟಿರಲಿಲ್ಲ. ಗುರುಗಳು ಹೇಳಿದ ಹಸಿ ರೊಟ್ಟಿಯೇ ನೆನಪಾಯಿತು.

ಹೊಸ ಕಂಬಗಳನ್ನು ಹೊರಗಿನ ರಂಧ್ರಗಳಲ್ಲಿ ಕೂಡಿಸಿ, ಅರ್ಧರ್ಧ ಸುತ್ತಿನಂತೆ ಬಿಗಿದೆ. ಕೊನೆಯ ಎರಡು ಸುತ್ತಿನಲ್ಲಿ ಸ್ಪ್ರಿಂಗ್ ಕೈಗೆ ಎದುರು ಒತ್ತುವುದು ಸ್ಪಷ್ಟವಾಗಿ ತಿಳಿಯಿತು, ಮೊದಲು ಅದು ಇರಲೇ ಇಲ್ಲ. ಈಗ ಬ್ಲಾಕನ್ನು ಹಿಡಿದು ತಿರುಗಿಸಲು ಹೋದರೆ ಮದರ್‌ಬೋರ್ಡೇ ಜೊತೆಗೆ ಮಿಸುಕುತ್ತದೆ, ಬ್ಲಾಕ್ ಅಲ್ಲ.

ಮಿತಿಯನ್ನು ಮತ್ತೆ 190 ವಾಟಿಗೆ ಏರಿಸಿ ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನೆಬೆಂಚ್ ಆರ್23 ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿದೆ. ಕೋಣೆ 33 ಡಿಗ್ರಿ. ಪ್ರೊಸೆಸರ್ ಮೊದಲು 68ಕ್ಕೆ ಏರಿ, ಅಲ್ಲಿಂದ ನಿಧಾನವಾಗಿ ಎಂಟನೆಯ ನಿಮಿಷದ ಹೊತ್ತಿಗೆ 86ಕ್ಕೆ ಬಂದು ನಿಂತಿತು. ಕೋರುಗಳು 4.7ರಿಂದ ಕದಲಲಿಲ್ಲ. ಅತಿ ಬಿಸಿಯ ಕೋರಿಗೂ ಅತಿ ತಣ್ಣನೆಯದಕ್ಕೂ ಈಗ 6 ಡಿಗ್ರಿ ಅಂತರ. ಗುರುಗಳ ಲೆಕ್ಕ ಹಾಕಿದರೆ 53ನ್ನು 190ರಿಂದ ಭಾಗಿಸಿ 0.28. ರೇಡಿಯೇಟರಿಗೆ ಕೈ ಇಟ್ಟರೆ ಈಗ ನಿಜವಾಗಿಯೂ ಬಿಸಿ ಇದೆ, ಹೊರಬರುವ ಗಾಳಿಯೂ ಬಿಸಿ. ಅದನ್ನು ನೋಡಿಯೇ ಹೆಚ್ಚು ಸಂತೋಷವಾಯಿತು. ಆ ಕ್ಯಾಸೆಟ್ಟಿನ ಕೆಲಸ ಈಗ ಮೂವತ್ತೈದು ನಿಮಿಷ.


ಸಾಧನಕೇರಿ — ಭಾನುವಾರ, ಸಂಜೆ

ಬಹಳ ಸಂತೋಷ. ಮೊದಲ ಜಿಗಿತ ಚಿಕ್ಕದಾಗಿ, ಆಮೇಲೆ ನಿಮಿಷಗಟ್ಟಲೆ ನಿಧಾನವಾಗಿ ಏರಿದ ಆ ಗೆರೆಯನ್ನು ನೋಡಿ. ಆ ನಿಧಾನವೇ ನೀರು ಕಾಯುತ್ತಿರುವುದರ ಗುರುತು, ಅಂದರೆ ಶಾಖ ನೀರಿನವರೆಗೆ ತಲುಪುತ್ತಿದೆ.


ಬೆಟಗೇರಿ ರಿಪೇರಿ — ಭಾನುವಾರ, ರಾತ್ರಿ

ಚೆನ್ನಾಗಿ ಮಾಡಿದಿರಿ ಸರ್. ಒಂದು ಸಣ್ಣ ಮಾತು. ಹಲವು ಝಡ್690 ಬೋರ್ಡುಗಳು ಬಯಾಸ್ ಅಪ್ಡೇಟ್ ಮಾಡಿದಾಗ ಅಥವಾ ಸೆಟ್ಟಿಂಗ್ ಮರುಹೊಂದಿಸಿದಾಗ ವಾಟಿನ ಮಿತಿಯನ್ನು ತಾವೇ ತೆಗೆದು 4095 ಎಂದು ಬರೆದುಕೊಳ್ಳುತ್ತವೆ. ಹಾಗೆಂದರೆ ಮಿತಿಯೇ ಇಲ್ಲ ಎಂದರ್ಥ. ನಿಮ್ಮ ಕೋಣೆಯ ಬಿಸಿಗೆ 150ರ ಆಸುಪಾಸಿನಲ್ಲಿ ನಿಲ್ಲಿಸಿ ನೋಡಿ. ವೇಗ ಸ್ವಲ್ಪವೇ ಕಡಿಮೆಯಾಗಿ ತಾಪಮಾನ 75ಕ್ಕೆ ಇಳಿಯಬೇಕು, ಫ್ಯಾನಿನ ಸದ್ದೂ ತಗ್ಗುತ್ತದೆ.


ರಾಣೆಬೆನ್ನೂರು ಗೆಳೆಯ — ಸೋಮವಾರ, ಬೆಳಿಗ್ಗೆ

ದಪ್ಪ ಪೇಸ್ಟಿನ ಸಲಹೆ ಕೊಟ್ಟದ್ದು ನನ್ನ ತಪ್ಪು, ತಿದ್ದಿದ್ದಕ್ಕೆ ಗುರುಗಳಿಗೆ ಧನ್ಯವಾದ. ನನ್ನ ಕಂಪ್ಯೂಟರಿಗೂ ಲೆಕ್ಕ ಹಾಕಿ ನೋಡಿದೆ, 0.31 ಬಂತು, ಬ್ಲಾಕ್ ಗಟ್ಟಿಯಾಗಿದೆ. ಆದರೆ ಬೆಳಿಗ್ಗೆ ಚಾಲೂ ಮಾಡಿದಾಗ ಬ್ಲಾಕಿನ ಹತ್ತಿರ ನೀರು ಗುಳುಗುಳು ಎನ್ನುತ್ತದೆ. ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಳದಲ್ಲಿ ಕೂಡಿಸಿದ್ದೇನೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?


ಬೆಟಗೇರಿ ರಿಪೇರಿ — ಸೋಮವಾರ, ಮಧ್ಯಾಹ್ನ

ಖಂಡಿತ ಇದೆ. ವರ್ಷಗಳು ಕಳೆದಂತೆ ಕೊಳವೆಯ ಮೂಲಕ ನೀರು ಸ್ವಲ್ಪ ಸ್ವಲ್ಪವೇ ಆವಿಯಾಗಿ ಆ ಜಾಗದಲ್ಲಿ ಗಾಳಿ ಸೇರುತ್ತದೆ, ಗಾಳಿ ಯಾವಾಗಲೂ ಅತಿ ಎತ್ತರದ ಜಾಗ ಹಿಡಿಯುತ್ತದೆ. ರೇಡಿಯೇಟರ್ ತಳದಲ್ಲಿದ್ದರೆ ಆ ಎತ್ತರದ ಜಾಗ ನಿಮ್ಮ ಪಂಪೇ ಆಗುತ್ತದೆ. ರೇಡಿಯೇಟರನ್ನು ಮೇಲ್ಛಾವಣಿಗೆ ಬದಲಿಸಿ, ಜಾಗವಿಲ್ಲದಿದ್ದರೆ ಅದರ ಮೇಲಿನ ಅಂಚು ಪಂಪಿಗಿಂತ ಎತ್ತರದಲ್ಲಿ ಬರುವಂತೆ ಮುಂಭಾಗಕ್ಕೆ ನಿಲ್ಲಿಸಿ. ಬದಲಿಸುವಾಗ ಬ್ಲಾಕಿನ ಸ್ಕ್ರೂ ಮುಟ್ಟುವ ಅಗತ್ಯವಿಲ್ಲ, ಕೊಳವೆಗೆ ಎಳೆತ ಬೀಳದಂತೆ ಮಾತ್ರ ನೋಡಿಕೊಳ್ಳಿ.